ನಲವತ್ತನಾಲ್ಕರಲ್ಲಿ ವಿಮಾಶಾಸ್ತ್ರ

ವಿಮೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಯಾರೋ ಒಬ್ಬ ದೂರದ ಸೋದರಮಾವ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಬಂದು ಕುಳಿತು, ಸಾರು ಬರುವ ಮೊದಲೇ ನಮ್ಮ ವಯಸ್ಸು, ಪಗಾರ, ಮಕ್ಕಳ ಸಂಖ್ಯೆ ಎಲ್ಲವನ್ನೂ ವಿಚಾರಿಸಿಕೊಂಡು, ಪಾಯಸದ ಹೊತ್ತಿಗೆ ಮೆಲ್ಲಗೆ ನಮ್ಮ ಸಾವಿನ ವಿಷಯಕ್ಕೆ ಬರುವ ಮನುಷ್ಯ. ಇಂಥ ಮಾವ ಒಬ್ಬನಾದರೂ ಇಲ್ಲದ ಕನ್ನಡ ಕುಟುಂಬ ಮುಂಬಯಿಯಲ್ಲಿ ಇರಲಾರದು. ಅವನನ್ನು ದೂರದಿಂದ ಕಂಡರೆ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗುವವರೇ ಹೆಚ್ಚು. ಮನೆಯಲ್ಲಿ ಏನಾದರೂ ಆದಾಗ ಮೊದಲು ಫೋನು ಹೋಗುವುದೂ ಅವನಿಗೇ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹೀಗಿರುವಾಗ ಈ ವಿಮೆಯನ್ನೇ ಒಂದು ಶಾಸ್ತ್ರವೆಂದು ತಿಳಿದು, ಸರಕಾರಿ ವಿಶ್ವವಿದ್ಯಾಲಯವೊಂದಕ್ಕೆ ಶುಲ್ಕ ಕಟ್ಟಿ, ಎರಡು ವರ್ಷ ಪುಸ್ತಕ ಹಿಡಿದು ಕುಳಿತರೆ ಜನ ನಗದೆ ಇರುತ್ತಾರೆಯೇ? “ಇದಕ್ಕೂ ಎಂ.ಬಿ.ಎ. ಇದೆಯೇನ್ರೀ?” ಎಂದು ಸಂಘದ ಗೆಳತಿಯರು ಕೇಳಿದರು. ಇದೆ ಎಂದೆ. “ಮುಗಿಸಿದ ಮೇಲೆ ಏನಾಗುತ್ತೀರಿ?” ಎಂದರು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮನುಷ್ಯ ಹೊಸದಾಗಿ ಏನಾಗುತ್ತಾನೆ! ನಾನು ಆಗಲೇ ಇಪ್ಪತ್ತು ವರ್ಷ ಅದೇ ಧಂದೆಯಲ್ಲಿದ್ದವಳು. ಆಗುವುದಕ್ಕಾಗಿ ಓದಲಿಲ್ಲ. ಒಬ್ಬರ ಪ್ರಶ್ನೆಗೆ ಉತ್ತರ ಕೊಡಲಾರದೆ ಹೋದದ್ದು ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಆ ಸಂಗತಿ ಹೇಳುವ ಮುನ್ನ ನನ್ನ ಊರು ಕೇರಿ ಸ್ವಲ್ಪ ಹೇಳಬೇಕು.

ನಮ್ಮದು ಚಳ್ಳಕೆರೆ ತಾಲೂಕಿನ ಒಂದು ಹಳ್ಳಿ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಹೆಸರು ಕೇಳಿದವರಿಗೆ ಅಲ್ಲಿನ ಶೇಂಗಾ ಗೊತ್ತಿರುತ್ತದೆ. ಶೇಂಗಾ ಬೆಳೆಯುವವರ ಪಾಡು ಗೊತ್ತಿರುವುದಿಲ್ಲ. ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಅದೊಂದು. ನಮ್ಮ ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು, ಜೊತೆಗೆ ಆರು ಎಕರೆ ಖುಷ್ಕಿ ಹೊಲ. ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳೂ ‘ಕೆ.ಜಿ.ಐ.ಡಿ.’ ಎಂದು ಒಂದಿಷ್ಟು ಕಡಿತವಾಗುತ್ತಿತ್ತು. ಅದು ಸರಕಾರ ಮೇಷ್ಟ್ರುಗಳ ಮೇಲೆ ಹಾಕಿದ ತೆರಿಗೆ ಎಂದೇ ಅಮ್ಮ ಕೊನೆಯವರೆಗೂ ತಿಳಿದಿದ್ದಳು. 1891ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಮೈಸೂರು ಸಂಸ್ಥಾನ ತನ್ನ ನೌಕರರಿಗೆಂದು ತಾನೇ ಜೀವ ವಿಮೆ ನಡೆಸಲು ಹೊರಟಿತ್ತು. ಅದೇ ಇಲಾಖೆ ಹೆಸರು ಬದಲಾಯಿಸಿಕೊಂಡು ನಮ್ಮಪ್ಪನ ಚೀಟಿಯವರೆಗೆ ಬಂದಿತ್ತು ಎಂಬುದನ್ನು ನಾನು ತಿಳಿದದ್ದು ಮುಂಬಯಿಯಲ್ಲಿ, ಪರೀಕ್ಷೆಗೆ ಓದುವಾಗ! ಸಂಬಳಕ್ಕೆ ನೂರು ವರ್ಷದ ವಿಮೆ ಇತ್ತು. ಹೊಲಕ್ಕೆ ದೇವರೇ ದಿಕ್ಕು.

1987ರಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದೆ. ಮರು ವರ್ಷ ಫೋರ್ಟಿನಲ್ಲಿ ಒಂದು ಸರಕಾರಿ ವಿಮಾ ಕಂಪೆನಿಯಲ್ಲಿ ಕೆಲಸ ಸಿಕ್ಕಿತು. 1973ರ ಜನವರಿಯಲ್ಲಿ ಸರಕಾರ 107 ಕಂಪೆನಿಗಳನ್ನು ಸೇರಿಸಿ ನಾಲ್ಕು ಮಾಡಿತ್ತಲ್ಲ, ಆ ನಾಲ್ಕರಲ್ಲಿ ಒಂದು. ನಾಲ್ಕರಲ್ಲಿ ಯಾವುದು ಎಂಬುದು ಇಲ್ಲಿ ಬೇಡ. ಮೊದಲು ಟೈಪಿಂಗ್, ಆಮೇಲೆ ವಾಹನಗಳ ಕ್ಲೇಮು, ಅಲ್ಲಿಂದ ಅಗ್ನಿ ವಿಭಾಗದ ಕ್ಲೇಮು. ಹೆಸರು ಅಗ್ನಿ ವಿಭಾಗ. ನೆರೆ, ಬಿರುಗಾಳಿ, ಗಲಭೆ ಎಲ್ಲವೂ ಅದೇ ಮೇಜಿಗೆ ಬರುತ್ತಿದ್ದವು.

2005ರ ಜುಲೈ 26 ಮುಂಬಯಿಯವರಿಗೆ ವಿವರಿಸಬೇಕಾಗಿಲ್ಲ. ಆ ದಿನ ನಮ್ಮ ಫೋರ್ಟಿನಲ್ಲಿ ಇದ್ದದ್ದು ಸಾಧಾರಣ ಮಳೆ. ಸಂಜೆ ಛತ್ರಿ ಹಿಡಿದು ನಿಲ್ದಾಣಕ್ಕೆ ಹೋದಾಗಲೇ ಗಾಡಿಗಳು ನಿಂತಿರುವುದು ತಿಳಿದದ್ದು. ರಾತ್ರಿ ಆಫೀಸಿನ ಮೇಜುಗಳನ್ನು ಜೋಡಿಸಿ ಮಲಗಿದೆವು. ಮರುದಿನ ಮಧ್ಯಾಹ್ನದಿಂದ ಫೋನು ನಿಲ್ಲಲಿಲ್ಲ, ಮುಂದೆ ಒಂದು ವರ್ಷ ಕ್ಲೇಮಿನ ಕಟ್ಟುಗಳು ನಿಲ್ಲಲಿಲ್ಲ. ಒದ್ದೆ ಕಾಗದದ ಆ ವಾಸನೆ ನನ್ನ ಸೀರೆಗೂ ಹತ್ತಿತ್ತು ಎಂದು ನಮ್ಮ ಅತ್ತೆ ಹೇಳುತ್ತಿದ್ದರು.

ಆ ಕಟ್ಟುಗಳಲ್ಲಿ ಒಂದು ಕುರ್ಲಾ ಕಡೆಯ ನಮ್ಮ ಕನ್ನಡಿಗರೊಬ್ಬರ ಹೋಟೆಲಿನದು. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ತಟ್ಟೆ ತೊಳೆದು ಮೇಲೆ ಬಂದವರು. ರುಬ್ಬುವ ಯಂತ್ರ, ಫ್ರಿಜ್ಜು, ಮೇಜು ಕುರ್ಚಿ, ಅಕ್ಕಿ ಬೇಳೆ ಎಲ್ಲ ಸೇರಿ ಅವರ ಹೋಟೆಲಿನ ಸಾಮಾನಿನ ಬೆಲೆ ಹನ್ನೆರಡು ಲಕ್ಷ ಎಂದು ಸರ್ವೆಯರ್ ಕಂಡುಹಿಡಿದರು. ನೀರಿನಿಂದಾದ ನಷ್ಟ ಮೂರು ಲಕ್ಷ ಅರುವತ್ತು ಸಾವಿರ. ಪಾಲಿಸಿಯಲ್ಲಿದ್ದ ಮೊತ್ತ ನಾಲ್ಕು ಲಕ್ಷ. ನಷ್ಟ ಪಾಲಿಸಿಯ ಮೊತ್ತಕ್ಕಿಂತ ಕಡಿಮೆ ಇದೆ, ಪೂರ್ತಿ ಸಿಗುತ್ತದೆ ಎಂದು ಅವರು ಸಹಜವಾಗಿಯೇ ನಂಬಿದ್ದರು. ಕೈಗೆ ಬರಬೇಕಾದದ್ದು ಒಂದು ಲಕ್ಷ ಇಪ್ಪತ್ತು ಸಾವಿರ ಎಂದು ಕಾಗದ ಹೋಯಿತು. ಇತರ ಕಡಿತ ಬೇರೆ. ಕಾಗದ ಹಿಡಿದು ನನ್ನ ಮೇಜಿಗೆ ಬಂದರು.

ಪಾಲಿಸಿಯಲ್ಲಿ ‘ಆ್ಯವರೇಜ್ ಕ್ಲಾಸ್’ ಎಂಬ ಒಂದು ಕಲಮು ಇದೆ, ಅದರ ಪ್ರಕಾರ ಹೀಗೆ, ಎಂದು ಓದಿ ಹೇಳಿದೆ. ಅವರು ಕೂಗಾಡಲಿಲ್ಲ. “ಎಂಥ ಲೆಕ್ಕ ಅಮ್ಮ ಇದು? ನೀರು ಸರಾಸರಿ ನೋಡಿಕೊಂಡು ಒಳಗೆ ಬಂತಾ?” ಎಂದರು.

ಕಲಮಿನ ಸಂಖ್ಯೆ ನನಗೆ ಗೊತ್ತಿತ್ತು, ಲೆಕ್ಕ ಸರಿಯಿತ್ತು. ಆ ಕಲಮು ಯಾಕಿದೆ ಎಂಬುದನ್ನು ಮಾತ್ರ ನಮಗೆ ಯಾರೂ ಹೇಳಿರಲಿಲ್ಲ. ಆಫೀಸಿನಲ್ಲಿ ಹಿರಿಯರನ್ನು ಕೇಳಿದೆ. “ಮೊದಲಿನಿಂದ ಇದೆ” ಎಂದರು.

ನಮ್ಮ ಧಂದೆಯಲ್ಲಿ ಓದುವವರಿಗೆ ಹಾದಿ ಇಲ್ಲವೆಂದಲ್ಲ. ಮುಂಬಯಿಯಲ್ಲೇ 1955ರಲ್ಲಿ ಹುಟ್ಟಿದ ಇನ್ಶೂರೆನ್ಸ್ ಇನ್ಸ್ಟಿಟ್ಯೂಟ್ ಇದೆ. ಅದರ ಲೈಸೆನ್ಶಿಯೇಟ್, ಅಸೋಸಿಯೇಟ್, ಫೆಲೋಶಿಪ್ ಪರೀಕ್ಷೆಗಳಿವೆ. ಪಾಸಾದರೆ ನಮಗೆ ಪಗಾರದಲ್ಲಿ ಏರಿಕೆಯೂ ಸಿಗುತ್ತಿತ್ತು, ಆದ್ದರಿಂದ ಎಲ್ಲರೂ ಕಟ್ಟುತ್ತಿದ್ದರು. ನಾನೂ ಅಸೋಸಿಯೇಟ್‌ವರೆಗೆ ಮುಗಿಸಿದ್ದೆ. ಅವು ಒಳ್ಳೆಯ ಪರೀಕ್ಷೆಗಳೇ. ಆದರೆ ಅವು ಕೆಲಸ ಮಾಡುವವನಿಗೆ ಕೆಲಸ ಕಲಿಸಲು ಹುಟ್ಟಿದವು. ಹೇಗೆ ಎಂಬುದನ್ನು ಚೆನ್ನಾಗಿ ಹೇಳುತ್ತವೆ. ಯಾಕೆ ಎಂದು ಕೇಳುವುದಕ್ಕೆ ಬೇರೊಂದು ಜಾಗ ಬೇಕು. 1999ರ ಕಾಯಿದೆಯಾಗಿ ಖಾಸಗಿ ಕಂಪೆನಿಗಳು ಬಂದ ಮೇಲೆ ಹಲವು ಸರಕಾರಿ ವಿಶ್ವವಿದ್ಯಾಲಯಗಳು ವಿಮೆಗೆಂದೇ ಸ್ನಾತಕೋತ್ತರ ಪದವಿ ತೆರೆದಿದ್ದವು. ದಕ್ಷಿಣದ ಅಂಥ ಒಂದು ವಿಶ್ವವಿದ್ಯಾಲಯದ ದೂರಶಿಕ್ಷಣ ಕೇಂದ್ರ ದಾದರಿನಲ್ಲಿತ್ತು. 2008ರ ಜೂನಿನಲ್ಲಿ ಅರ್ಜಿ ಹಾಕಿದೆ. ಶುಲ್ಕ ನನ್ನ ಒಂದು ತಿಂಗಳ ಪಗಾರಕ್ಕಿಂತ ತುಸು ಹೆಚ್ಚು. ನಮ್ಮ ಯಜಮಾನರು ಏನೂ ಹೇಳಲಿಲ್ಲ. ಭಾನುವಾರದ ಅಡಿಗೆ ಯಾರದು ಎಂದಷ್ಟೇ ಕೇಳಿದರು. ಅದಕ್ಕೆ ಉತ್ತರ ಸಿಗಲು ಒಂದು ತಿಂಗಳು ಹಿಡಿಯಿತು, ಉತ್ತರ ಅವರೇ ಆದರು. ಮಗಳಿಗೆ ಆ ವರ್ಷ ಹನ್ನೆರಡನೆಯ ತರಗತಿ. ರಾತ್ರಿ ಊಟವಾದ ಮೇಲೆ ಒಂದೇ ಮೇಜಿನ ಆಚೆ ಈಚೆ ಇಬ್ಬರೂ ಓದುವುದನ್ನು ನೋಡಿ ಅತ್ತೆ, “ದೇವರಿಗೆ ಯಾರ ಹೆಸರಲ್ಲಿ ಹರಕೆ ಹೊರಲಿ, ಒಂದು ತೆಂಗಿನಕಾಯಿ ಸಾಕಾ ಎರಡು ಬೇಕಾ?” ಎನ್ನುತ್ತಿದ್ದರು.

ತರಗತಿ ಎಂದರೆ ಭಾನುವಾರಗಳಂದು ಬಾಡಿಗೆಗೆ ಪಡೆದ ಒಂದು ಶಾಲೆಯ ಕೋಣೆ. ನಾಲ್ಕನೆಯ ಇಯತ್ತೆಯ ಮಕ್ಕಳ ಬೆಂಚು. ನಲವತ್ತು ದಾಟಿದ ಮೊಣಕಾಲನ್ನು ಅದರೊಳಗೆ ತೂರಿಸುವುದೇ ಒಂದು ಪ್ರವೇಶ ಪರೀಕ್ಷೆ. ಮಧ್ಯ ರೇಲ್ವೆಯವರ ಭಾನುವಾರದ ಮೆಗಾ ಬ್ಲಾಕ್ ಗೊತ್ತಲ್ಲ. ಡೊಂಬಿವಲಿಯಿಂದ ದಾದರಿಗೆ ಕೆಲವು ದಿನ ಎರಡು ಗಂಟೆ. ಆ ಎರಡು ಗಂಟೆ ಇಲ್ಲದಿದ್ದರೆ ನಾನು ಮರುವಿಮೆಯ ಪುಸ್ತಕ ಮುಗಿಸುತ್ತಲೇ ಇರಲಿಲ್ಲ. ಸಹಪಾಠಿಗಳು ಇಪ್ಪತ್ತೆಂಟು ಜನ. ಜೀವ ವಿಮಾ ನಿಗಮದ ಇಬ್ಬರು ಡೆವಲಪ್‌ಮೆಂಟ್ ಆಫೀಸರುಗಳು, ಆಸ್ಪತ್ರೆಯ ದಾದಿಯ ಕೆಲಸ ಬಿಟ್ಟು ಆರೋಗ್ಯ ವಿಮೆಯ ಬಿಲ್ಲು ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದ ಒಬ್ಬ ಮಲೆಯಾಳಿ ಹೆಂಗಸು, ಹದಿನೈದು ವರ್ಷ ಹಡಗು ವಿಮೆಯ ವಿಭಾಗದಲ್ಲಿದ್ದೂ ಹಡಗು ಹತ್ತದ ಒಬ್ಬ ಪಾರಸಿ ಗೃಹಸ್ಥರು, ಮಾತುಮಾತಿಗೂ ‘ಮಾರ್ಕೆಟ್’ ಎನ್ನುವ ಖಾಸಗಿ ಕಂಪೆನಿಯ ನಾಲ್ಕೈದು ಹುಡುಗರು. ಪಾರಸಿ ಗೃಹಸ್ಥರ ಡಬ್ಬಿಯಲ್ಲಿ ಏನಿದೆ ಎಂಬ ಕುತೂಹಲ ಎಲ್ಲರಿಗೂ ಇತ್ತು ಎಂಬುದನ್ನು ಇಲ್ಲಿ ದಾಖಲಿಸಬೇಕು.

ಪಾಠಗಳೆಲ್ಲ ಒಂದೇ ತೂಕದವಲ್ಲ. ಮಾರಾಟ ನಿರ್ವಹಣೆ, ಸಂಘಟನಾ ವರ್ತನೆ ಎಂಬಂಥವು ಯಾವ ಎಂ.ಬಿ.ಎ.ಯಲ್ಲೂ ಇರುವ ಒಣ ಸರಕು. ನಾನು ಓದಿದೆ, ಬರೆದೆ, ಮರೆತೆ. ಮನಸ್ಸಿಗೆ ಹಿಡಿದದ್ದು ಎರಡು, ವಿಮಾ ಕಾನೂನು ಮತ್ತು ಮರಣದ ಗಣಿತ.

ಕಾನೂನು ಕಲಿಸುತ್ತಿದ್ದವರು ವಯಸ್ಸಾದ ಮರಾಠಿ ವಕೀಲರು. ಪುಸ್ತಕ ತೆರೆಯದೆ ಕತೆ ಹೇಳುವಂತೆ ಹೇಳುತ್ತಿದ್ದರು. ಸುಮಾತ್ರಾ ದ್ವೀಪದಲ್ಲಿ ಇಂಗ್ಲಿಷರ ಒಂದು ಕೋಟೆ. ಅದರ ಗವರ್ನರ್ ಕಾರ್ಟರ್ ಎಂಬಾತ, ಕೋಟೆ ಶತ್ರುಗಳ ವಶವಾದರೆ ತನಗೆ ಹಣ ಬರಬೇಕು ಎಂದು ಲಂಡನ್ನಿನಲ್ಲಿ ವಿಮೆ ಇಳಿಸಿದ. 1760ರಲ್ಲಿ ಫ್ರೆಂಚರು ಬಂದು ಕೋಟೆ ಹಿಡಿದೇಬಿಟ್ಟರು. ಕೋಟೆ ಬಲಹೀನವೆಂದು ಮೊದಲೇ ನಮಗೆ ಹೇಳಲಿಲ್ಲ, ಹಣ ಕೊಡುವುದಿಲ್ಲ ಎಂದು ವಿಮೆ ಬರೆದವನು ಹಟ ಹಿಡಿದ. 1766ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕಾರ್ಟರನ ಕಡೆ ತೀರ್ಪಾಗುವಂತೆ ಮಾಡಿದರು. ವಿಮೆ ಪರಮ ವಿಶ್ವಾಸದ ಕರಾರು, ತಿಳಿದದ್ದನ್ನು ಮುಚ್ಚಿಡಬಾರದು ಎಂದು ಇಂದಿಗೂ ಎಲ್ಲ ವಿಮಾ ಕಂಪೆನಿಗಳೂ ಗ್ರಾಹಕರಿಗೆ ಬೋಧಿಸುವ ತತ್ತ್ವಕ್ಕೆ ಈ ಮೊಕದ್ದಮೆಯೇ ಮೂಲ. ನಮ್ಮ ಮೇಷ್ಟ್ರು ಇಲ್ಲಿ ನಿಂತು ಕನ್ನಡಕ ತೆಗೆದು ಕೇಳುತ್ತಿದ್ದರು: “ಗೆದ್ದವರು ಯಾರು?” ವಿಮೆ ಇಳಿಸಿದವನು. ಆ ವಿಶ್ವಾಸ ಎರಡೂ ಕಡೆಯವರ ಮೇಲಿನ ಹೊಣೆ ಎಂದೇ ಮ್ಯಾನ್ಸ್‌ಫೀಲ್ಡ್ ಹೇಳಿದ್ದು. ಕಂಪೆನಿಗಳು ತಮಗೆ ಬೇಕಾದ ಅರ್ಧವನ್ನು ಮಾತ್ರ ಅಚ್ಚುಹಾಕಿಸಿಕೊಂಡವು ಎನ್ನುತ್ತಿದ್ದರು. ಖಾಸಗಿ ಕಂಪೆನಿಯ ಹುಡುಗರು ಕೂಡ ಆ ದಿನ ‘ಮಾರ್ಕೆಟ್’ ಎನ್ನಲಿಲ್ಲ.

ಆ್ಯವರೇಜ್ ಕಲಮಿಗೂ ಅವರ ತರಗತಿಯಲ್ಲೇ ಉತ್ತರ ಸಿಕ್ಕಿತು. ಸಿಕ್ಕಿದ ಮುಂದಿನ ಶನಿವಾರ ಕುರ್ಲಾಕ್ಕೆ ಹೋದೆ. ಹೋಟೆಲು ಸಾಲ ಮಾಡಿ ಮತ್ತೆ ಎದ್ದು ನಿಂತಿತ್ತು. ಗಲ್ಲೆಯ ಪಕ್ಕ ಕುಳಿತು ಹೇಳಿದೆ: “ನೋಡಿ, ನೀವು ಹನ್ನೆರಡು ಇಡ್ಲಿ ಬೇಯಿಸಿ ನಾಲ್ಕಕ್ಕೆ ಮಾತ್ರ ಕಂತು ಕಟ್ಟಿದ್ದೀರಿ. ನೀರು ಬಂದು ಮೂರು ಮುಕ್ಕಾಲು ಇಡ್ಲಿಯಷ್ಟು ಒಯ್ದಿತು. ಒಯ್ದದ್ದು ಕಂತು ಕಟ್ಟಿದ ಇಡ್ಲಿಯೋ ಕಟ್ಟದ್ದೋ, ಯಾರು ಹೇಳಬೇಕು? ಕಟ್ಟಿದ್ದೇ ಎಂದು ಹಿಡಿದರೆ, ಹನ್ನೆರಡಕ್ಕೂ ಕಟ್ಟಿದ ಪಕ್ಕದ ಹೋಟೆಲಿನವರಿಗೆ ಅನ್ಯಾಯ. ಅವರ ಹಣದಿಂದ ನಿಮಗೆ ಕೊಟ್ಟ ಹಾಗೆ. ಅದಕ್ಕೇ ಪ್ರತಿ ಇಡ್ಲಿಯಲ್ಲೂ ಮೂರನೆಯ ಒಂದು ಪಾಲು ಕಂಪೆನಿಯದು, ಉಳಿದದ್ದು ನಿಮ್ಮದು ಎಂದು ಲೆಕ್ಕ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಲೆಕ್ಕ ಸರಿ ಎಂದು ಒಪ್ಪಿದರು. ಹೋಟೆಲಿನವರಿಗೆ ಪಾಲಿನ ಲೆಕ್ಕ ಹೇಳಿಕೊಡಬೇಕೆ! ಆಮೇಲೆ ಅಂದರು: “ಅದೆಲ್ಲ ಹೌದಮ್ಮ. 1996ರಿಂದ ವರ್ಷ ವರ್ಷ ಬಂದು ಕಂತು ತೆಗೆದುಕೊಂಡು ಹೋದರಲ್ಲ, ಒಬ್ಬನಾದರೂ ಒಳಗೆ ಬಂದು ಇಡ್ಲಿ ಎಣಿಸಲಿಲ್ಲವಲ್ಲ.”

ಇದಕ್ಕೆ ನಮ್ಮ ವಕೀಲ ಮೇಷ್ಟ್ರು ಹೇಳಿದ ಇನ್ನರ್ಧ ವಿಶ್ವಾಸವೇ ಉತ್ತರ. ಕಲಮು ನ್ಯಾಯವಾದದ್ದು, ಅದನ್ನು ಬಳಸಿದ ರೀತಿ ನ್ಯಾಯವಾದದ್ದಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಇಡ್ಲಿಯ ಉದಾಹರಣೆಯನ್ನೇ ಬರೆದೆ. ತಿದ್ದಿದವರು ಯಾರೋ ಪುಣ್ಯಾತ್ಮರು, ಆ ವಿಷಯದಲ್ಲೇ ನನಗೆ ಎಲ್ಲಕ್ಕಿಂತ ಹೆಚ್ಚು ಅಂಕ.

ಮರಣದ ಗಣಿತ ಹೇಳಿಕೊಟ್ಟವರು ನಿವೃತ್ತ ತಮಿಳು ಮೇಷ್ಟ್ರು. ಹ್ಯಾಲಿ ಧೂಮಕೇತು ಎಲ್ಲರಿಗೂ ಗೊತ್ತು. ಅದೇ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ಎಂಬ ಊರಿನ ಹುಟ್ಟು ಸಾವುಗಳ ಪಟ್ಟಿ ಹಿಡಿದು, ಯಾವ ವಯಸ್ಸಿನವರು ಎಷ್ಟು ಮಂದಿ ಉಳಿಯುತ್ತಾರೆ ಎಂದು ಲೆಕ್ಕ ಹಾಕಿದ ಎಂಬುದು ನನಗೆ ಹೊಸದು. ಕೋಷ್ಟಕ ಹೀಗೆ: ಒಂದು ಲಕ್ಷ ಕೂಸುಗಳು ಒಟ್ಟಿಗೆ ಹುಟ್ಟಿದವು ಎಂದು ಇಟ್ಟುಕೊಳ್ಳುವುದು. ಸಾಲು ಸಾಲಾಗಿ ಕೆಳಗಿಳಿದಂತೆ ಅವರು ಕಡಿಮೆಯಾಗುತ್ತಾ ಬರುತ್ತಾರೆ, ಕೊನೆಯ ಸಾಲಿನಲ್ಲಿ ಯಾರೂ ಇಲ್ಲ. ಯಾರು ಹೋದರು ಎಂದು ಕೋಷ್ಟಕ ಹೇಳುವುದಿಲ್ಲ. ಎಷ್ಟು ಮಂದಿ ಎಂದಷ್ಟೇ. ನಮ್ಮಪ್ಪ ತೀರಿಕೊಂಡದ್ದು ಅರುವತ್ತೆರಡಕ್ಕೆ. ಆ ಸಾಲಿನ ಮೇಲೆ ಬೆರಳಿಟ್ಟು ಕುಳಿತಿದ್ದೆ, ಮೇಷ್ಟ್ರು ಮುಂದಿನ ಪುಟಕ್ಕೆ ಹೋದದ್ದು ತಿಳಿಯಲಿಲ್ಲ. ಇಂಥ ಕೋಷ್ಟಕಕ್ಕೂ ಜಾತಿ ಇತ್ತು ಎಂಬುದನ್ನೂ ಅವರೇ ಹೇಳಿದರು. ಇಲ್ಲಿದ್ದ ಇಂಗ್ಲಿಷ್ ಕಂಪೆನಿಗಳು ಭಾರತೀಯರ ಜೀವಕ್ಕೆ ಹೆಚ್ಚು ಕಂತು ವಸೂಲು ಮಾಡುತ್ತಿದ್ದವು, ಕೆಲವು ಮುಟ್ಟುತ್ತಲೇ ಇರಲಿಲ್ಲ. ನಮ್ಮವರ ಜೀವಕ್ಕೂ ಅದೇ ದರ ಎಂದು ಹೊರಟ ಬಾಂಬೆ ಮ್ಯೂಚುಯಲ್ ಹುಟ್ಟಿದ್ದು 1870ರಲ್ಲಿ, ಇದೇ ಮುಂಬಯಿಯಲ್ಲಿ.

ಎರಡನೆಯ ವರ್ಷ ಒಂದು ಪ್ರಬಂಧ ಬರೆದು ಕೊಡಬೇಕು. ಬಹಳ ಮಂದಿ ತಮ್ಮ ಆಫೀಸಿನ ಅಂಕಿ ಅಂಶವನ್ನೇ ಜೋಡಿಸಿ ಕೊಡುತ್ತಾರೆ. ನಾನೂ ಅದನ್ನೇ ಮಾಡುವವಳಿದ್ದೆ. ಅಷ್ಟರಲ್ಲಿ 2009ರ ಸೆಪ್ಟೆಂಬರಿನಲ್ಲಿ ಊರಿನಿಂದ ತಮ್ಮನ ಫೋನು ಬಂತು.

ಅಪ್ಪನ ಹೊಲ ಈಗ ಅವನದು. ಶೇಂಗಾಕ್ಕೆ ಬ್ಯಾಂಕಿನಲ್ಲಿ ಬೆಳೆಸಾಲ. ಸಾಲ ಕೊಡುವಾಗಲೇ ವಿಮೆಯ ಕಂತು ಹಿಡಿದುಕೊಂಡಿದ್ದರು. ಹೊಸ ಬಗೆಯ ವಿಮೆ; ಬೆಳೆ ನೋಡುವುದಿಲ್ಲ, ಮಳೆ ನೋಡುತ್ತದೆ. ಹೋಬಳಿಯ ಮಳೆಮಾಪಕದಲ್ಲಿ ಇಂತಿಷ್ಟು ಮಿಲಿಮೀಟರಿಗಿಂತ ಕಡಿಮೆ ಬಿದ್ದರೆ ಹಣ ಬರುತ್ತದೆ. ಆ ವರ್ಷ ತಮ್ಮನ ಹೊಲದಲ್ಲಿ ಗಿಡ ಹೂ ಬಿಡುವ ಹೊತ್ತಿಗೆ ಒಂದು ಹನಿ ಇಲ್ಲ. ಹೋಬಳಿ ಕೇಂದ್ರ ನಮ್ಮೂರಿಂದ ಒಂಬತ್ತು ಮೈಲಿ, ನಡುವೆ ಒಂದು ಗುಡ್ಡ. ಅಲ್ಲಿ ಎರಡು ಒಳ್ಳೆಯ ಮಳೆ ಆಗಿತ್ತು. “ಹಳ್ಳದ ಆಚೀಗೆ ಬಿದ್ದೈತಕ್ಕ ಮಳೆ. ಮಾಪಕ ನೆಂದೈತೆ, ನಮ್ ಹೊಲ್ದಾಗೆ ಧೂಳು. ಕಾಗದ್ದಾಗೆ ನಮಗೆ ಬರ ಇಲ್ವಂತೆ. ನೀನು ಅದನ್ನೇ ಓದ್ತಿದ್ದೀಯಲ್ಲ, ಇದೇನು ನ್ಯಾಯ ಹೇಳು” ಎಂದ. ಆ ವರ್ಷದ ಸಾಲ ಮುಂದಿನ ವರ್ಷಕ್ಕೆ ನಿಂತಿತು. ಅವನ ಮಗನನ್ನು ಚಿತ್ರದುರ್ಗದ ಹಾಸ್ಟೆಲಿನಿಂದ ಬಿಡಿಸುವ ಮಾತು ಬಂತು. ಅದನ್ನು ತಪ್ಪಿಸಲು ನಾವು ಮಾಡಿದ್ದು ಮನೆಯ ವಿಷಯ, ಇಲ್ಲಿ ಬೇಡ. ಆದರೆ ಪ್ರಬಂಧಕ್ಕೆ ವಿಷಯ ಯಾವುದು ಎಂಬ ಚಿಂತೆ ಅಂದೇ ಮುಗಿಯಿತು.

ಹುಡುಕುತ್ತಾ ಹೋದಂತೆ ಆಶ್ಚರ್ಯ ಕಾದಿತ್ತು. ಮಳೆಗೆ ವಿಮೆ ಎಂಬುದು ನಿನ್ನೆ ಮೊನ್ನೆ ಪರದೇಶದಿಂದ ಬಂದ ಕಲ್ಪನೆ ಎಂದು ನಮ್ಮ ಪಠ್ಯದಲ್ಲಿ ಧ್ವನಿ ಇತ್ತು. ಆದರೆ ನಮ್ಮ ಮೈಸೂರು ಸರಕಾರದ ಸೇವೆಯಲ್ಲಿದ್ದ ಜೆ. ಎಸ್. ಚಕ್ರವರ್ತಿ ಎಂಬವರು 1920ರಲ್ಲೇ ಕೃಷಿ ವಿಮೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿ, ಬರಕ್ಕೆ ವಿಮೆ ಹೇಗೆ ನಡೆಸಬಹುದೆಂದು ಪೂರ್ತಿ ಯೋಜನೆಯನ್ನೇ ಬರೆದಿದ್ದರು! ಪ್ರತಿ ಹೊಲಕ್ಕೂ ಹೋಗಿ ನಷ್ಟ ಅಳೆಯುತ್ತಾ ಕುಳಿತರೆ ಖರ್ಚಿಗೆ ಕೊನೆಯಿಲ್ಲ, ಮೋಸಕ್ಕೂ ದಾರಿ. ಆದ್ದರಿಂದ ಆಯಾ ಪ್ರದೇಶದ ಮಳೆಯ ಅಳತೆಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು ಎಂಬುದು ಅದರ ತಿರುಳು. ಅಮೆರಿಕದ ಸರಕಾರ ಬೆಳೆವಿಮೆಗೆ ಕೈಹಾಕಿದ್ದು 1938ರಲ್ಲಿ. ಚಕ್ರವರ್ತಿಯವರ ಯೋಜನೆ ಜಾರಿಗೆ ಬರಲೇ ಇಲ್ಲ. ಸ್ವತಂತ್ರ ಭಾರತದಲ್ಲಿ 1972ರಲ್ಲಿ ಗುಜರಾತಿನ ಹತ್ತಿಯಿಂದ ಒಂದು ಪ್ರಯೋಗ ಶುರುವಾಯಿತು, ರೈತ ರೈತನ ನಷ್ಟ ಅಳೆದು ಕೊಡುವ ರೀತಿಯದು, ಲಾಭವಾಗಲಿಲ್ಲ. ಆಮೇಲೆ ಪುಣೆಯ ಗೋಖಲೆ ಸಂಸ್ಥೆಯ ವಿ. ಎಂ. ದಾಂಡೇಕರರು, ಪ್ರದೇಶವನ್ನೇ ಒಂದು ಘಟಕವಾಗಿ ಹಿಡಿಯಿರಿ ಎಂದು ಎಪ್ಪತ್ತರ ದಶಕದಲ್ಲಿ ವಾದಿಸಿದರು. 1985ರ ದೇಶವ್ಯಾಪಿ ಬೆಳೆವಿಮೆ ಅದೇ ದಾರಿ ಹಿಡಿಯಿತು. ಕೊನೆಗೆ 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆವಿಮೆಯ ಸರಕಾರಿ ಪ್ರಯೋಗ ಆರಂಭವಾದದ್ದು ಎಲ್ಲಿ? ಕರ್ನಾಟಕದಲ್ಲೇ. ಚಕ್ರವರ್ತಿಯವರ ಪುಸ್ತಕ ಬಂದು ಎಂಬತ್ತೇಳು ವರ್ಷವಾಗಿತ್ತು. ಅವರ ಹೆಸರು ಹೇಳಿದರೆ ನಮ್ಮ ಕೇಂದ್ರದಲ್ಲಿ ಒಬ್ಬರಿಗಾದರೂ ಗೊತ್ತಿರಲಿಲ್ಲ. ಪರಿಚಯದ ಅಧ್ಯಾಪಕರೊಬ್ಬರು ಆ ಪುಸ್ತಕದ ಕೆಲವು ಪುಟಗಳ ನಕಲು ತೆಗೆಸಿ ಕಳಿಸಿದರು. ಆ ಮಾಸಿದ ಪುಟಗಳನ್ನು ಲೋಕಲ್ ಗಾಡಿಯಲ್ಲಿ, ಠಾಣೆಯ ಗದ್ದಲದಲ್ಲಿ ಓದುವಾಗ ನನಗೆ ಆದ ಸಂತೋಷವನ್ನು ಅಕ್ಕಪಕ್ಕದವರಿಗೆ ಹೇಳುವಂತಿರಲಿಲ್ಲ.

ಆದರೆ ತಮ್ಮನ ಪ್ರಶ್ನೆ ಹಾಗೇ ಉಳಿದಿತ್ತು. ಮಾಪಕದ ಮಳೆ ಹೊಲದ ಮಳೆ ಅಲ್ಲ. ಶಾಸ್ತ್ರದಲ್ಲಿ ಇದಕ್ಕೆ ‘ಬೇಸಿಸ್ ರಿಸ್ಕ್’ ಎಂಬ ಹೆಸರಿದೆ. ಹೆಸರಿಟ್ಟ ಮಾತ್ರಕ್ಕೆ ಕಾಯಿಲೆ ವಾಸಿಯಾಗುತ್ತದೆಯೇ? ಇದನ್ನು ಮುಂಬಯಿಯ ಪರೀಕ್ಷಕರಿಗೆ ಮುಟ್ಟಿಸುವುದು ಹೇಗೆ ಎಂದು ಯೋಚಿಸುತ್ತಿರುವಾಗ ನನಗೆ ನೆನಪಾದದ್ದು ಜುಲೈ 26. ಆ ದಿನ ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ ಅಳೆದ ಮಳೆ 944 ಮಿಲಿಮೀಟರ್. ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆಯ ಕೊಲಾಬಾ ಕೇಂದ್ರದಲ್ಲಿ ಅದೇ ದಿನ 73. ಒಂದೇ ನಗರ, ಒಂದೇ ದಿನ. ಕುರ್ಲಾದ ಹೋಟೆಲಿಗೆ ಕೊಲಾಬಾದ ಮಾಪಕ ನೋಡಿ ವಿಮೆ ಕೊಟ್ಟಿದ್ದರೆ ಆ ಒಂದು ಲಕ್ಷ ಇಪ್ಪತ್ತು ಸಾವಿರವೂ ಬರುತ್ತಿರಲಿಲ್ಲ.

ಮೌಖಿಕ ಪರೀಕ್ಷೆ 2010ರ ಮೇ ತಿಂಗಳಲ್ಲಿ. ಮೂವರು ಕುಳಿತಿದ್ದರು. ಹೊರಗಿನಿಂದ ಬಂದಿದ್ದವರು ಪ್ರಬಂಧದ ಪುಟ ತಿರುವುತ್ತಾ, ಹೋಬಳಿಗೆ ಒಂದರ ಬದಲು ಹಳ್ಳಿಗೆ ಒಂದು ಮಾಪಕ ಇಡಿ ಎಂದು ಸಲಹೆ ಕೊಟ್ಟಿದ್ದೀರಲ್ಲ, ಅದರ ಖರ್ಚು ಯಾರು ಕೊಡಬೇಕು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಖರ್ಚು ಈಗಲೂ ಆಗುತ್ತಿದೆ, ಅದನ್ನು ರೈತ ಕೊಡುತ್ತಿದ್ದಾನೆ, ನಮ್ಮ ಪುಸ್ತಕದಲ್ಲಿ ಬರೆದಿಲ್ಲ ಅಷ್ಟೆ ಎಂದೆ. ಅವರು ಒಪ್ಪಿದರೋ ಇಲ್ಲವೋ ತಿಳಿಯದು. ಸಾಂತಾಕ್ರೂಜ್ ಮತ್ತು ಕೊಲಾಬಾದ ಎರಡು ಅಂಕಿಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡರು.

ಪ್ರಥಮ ದರ್ಜೆ ಬಂತು. ಪದವಿಪತ್ರ ಅಂಚೆಯಲ್ಲಿ ಬಂತು. ಮಗಳ ಕಾಲೇಜಿನ ಪ್ರವೇಶದ ಗಲಾಟೆಯಲ್ಲಿ ಅದು ಎರಡು ದಿನ ಫ್ರಿಜ್ಜಿನ ಮೇಲೆ ಒಡೆಯದೆ ಬಿದ್ದಿತ್ತು. ಆಫೀಸಿನಲ್ಲಿ ಪೇಢೆ ಹಂಚಿದೆ. ಇನ್ಸ್ಟಿಟ್ಯೂಟಿನ ಪರೀಕ್ಷೆಗಿದ್ದಂತೆ ಇದಕ್ಕೆ ಏರಿಕೆ ಇಲ್ಲವೆಂದು ಸಿಬ್ಬಂದಿ ವಿಭಾಗದಿಂದ ಬಹಳ ಸೌಜನ್ಯದ ಒಂದು ಕಾಗದವೂ ಬಂತು. ಬಡ್ತಿ ತನ್ನ ಕಾಲಕ್ಕೆ ತಾನೇ ಬಂತು, ಪದವಿಗೂ ಅದಕ್ಕೂ ಸಂಬಂಧವಿಲ್ಲ. ಹಣದ ಲೆಕ್ಕದಲ್ಲಿ ನೋಡಿದರೆ ಇದು ಖೋಟಾ ವ್ಯವಹಾರ ಎಂದು ನಮ್ಮ ಯಜಮಾನರು ಈಗಲೂ ಚುಡಾಯಿಸುತ್ತಾರೆ. ದಾದರಿನ ಆ ಕೇಂದ್ರವೂ ಈಗಿಲ್ಲ. ರಾಜ್ಯ ವಿಶ್ವವಿದ್ಯಾಲಯಗಳು ತಮ್ಮ ಗಡಿಯಾಚೆ ಇಂಥ ಕೇಂದ್ರ ನಡೆಸಬಾರದೆಂದು 2013ರಲ್ಲಿ ಯು.ಜಿ.ಸಿ. ಬಿಗಿ ಮಾಡಿದ ಮೇಲೆ ಇಂಥವು ಎಷ್ಟೋ ಮುಚ್ಚಿದವು. ಹಣ ಮಾಡುವುದಕ್ಕೆಂದೇ ತೆರೆದ ಅಂಗಡಿಗಳೂ ಅವುಗಳಲ್ಲಿ ಇದ್ದವು, ಮುಚ್ಚಿದ್ದಕ್ಕೆ ಕಾರಣವಿತ್ತು. ಆದರೆ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತ ನಮ್ಮಂಥವರಿಗೆ ಮ್ಯಾನ್ಸ್‌ಫೀಲ್ಡನ ಕತೆ ಹೇಳುವವರು ಬೇರೆಲ್ಲಿ ಸಿಗುತ್ತಿದ್ದರೋ ನಾನರಿಯೆ.

ನಿವೃತ್ತಳಾದ ಮೇಲೆ ಸಂಘದ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಕುಳಿತಿರುತ್ತೇನೆ. ಪಾಲಿಸಿ ಹಿಡಿದುಕೊಂಡು ಜನ ಬರುತ್ತಾರೆ. ಮೊದಲು ನಾನು ನೋಡುವುದು ಮೊತ್ತ ಎಷ್ಟಿದೆ, ಯಾವ ವರ್ಷ ಬರೆದದ್ದು ಎಂದು. ಕುರ್ಲಾದ ಹೋಟೆಲನ್ನು ಈಗ ಮಗ ನಡೆಸುತ್ತಾನೆ. ಪ್ರತಿ ಏಪ್ರಿಲ್‌ನಲ್ಲಿ ಸಾಮಾನಿನ ಪಟ್ಟಿ ಬರೆದು ತಂದು ತೋರಿಸುತ್ತಾನೆ. ಪಟ್ಟಿಯ ತಲೆಯಲ್ಲಿ ‘ಇಡ್ಲಿ ಲೆಕ್ಕ’ ಎಂದೇ ಬರೆದಿರುತ್ತದೆ.

ಊರಿನಲ್ಲಿಯೂ ಕಾಲ ಬದಲಾಗಿದೆ. ಕರ್ನಾಟಕ ಸರಕಾರ ಪಂಚಾಯಿತಿ ಪಂಚಾಯಿತಿಗೂ ತಾನೇ ಸುದ್ದಿ ಕಳಿಸುವ ಮಳೆಮಾಪಕ ನಿಲ್ಲಿಸಿದೆ. 2016ರಿಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಬಂದಿದೆ, ಮುಂಗಾರಿನ ಎಣ್ಣೆಕಾಳಿಗೆ ರೈತನ ಪಾಲಿನ ಕಂತು ನೂರಕ್ಕೆ ಎರಡು. ಬೆಳೆ ಕಟಾವು ಪ್ರಯೋಗದ ಇಳುವರಿ ನೋಡಿ ಕೊಡುತ್ತಾರೆ. ಅದರಲ್ಲೂ ಸರಾಸರಿ ಇದ್ದೇ ಇದೆ; ಕಟಾವಿಗೆ ಆರಿಸಿದ ಹೊಲ ಯಾರದು ಎಂಬುದರ ಮೇಲೆ ಹಳ್ಳಿಯ ಅರಳಿಕಟ್ಟೆಯಲ್ಲಿ ಜಗಳವೂ ಇದ್ದೇ ಇದೆ. ತಮ್ಮ ಮಾತ್ರ ತನ್ನದೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾನೆ. 2010ರಲ್ಲಿ ನಾನು ಲೋಹಾರ್ ಚಾಳಿನಲ್ಲಿ ಹುಡುಕಿ ಒಂದು ಸಣ್ಣ ಮಳೆಮಾಪಕ ತೆಗೆದುಕೊಂಡು ಹೋಗಿ ಕೊಟ್ಟಿದ್ದೆ. ಅದನ್ನು ಹೊಲದ ನಡುವೆ ಗೂಟಕ್ಕೆ ಕಟ್ಟಿದ್ದಾನೆ. ಅಪ್ಪನ ಹಳೆಯ ಹಾಜರಿ ಪುಸ್ತಕಗಳಲ್ಲಿ ಖಾಲಿ ಉಳಿದಿದ್ದ ಹಾಳೆಗಳಲ್ಲಿ ತಾರೀಖು ಹಾಕಿ ಬರೆಯುತ್ತಾನೆ. ಅವನ ಅಂಕಿಗೆ ಯಾವ ಕಂಪೆನಿಯಲ್ಲೂ ಬೆಲೆ ಇಲ್ಲ, ಅದು ಅವನಿಗೂ ಗೊತ್ತು. ಆದರೂ ಜೂನ್ ಬಂತೆಂದರೆ ರಾತ್ರಿ ಎಂಟರ ಮೇಲೆ ಫೋನು. “ಅಕ್ಕ, ಇವತ್ತು ನಮ್ದು ಹನ್ನೊಂದು. ಪಂಚಾಯ್ತಿದು ಇಪ್ಪತ್ತಾರಂತೆ. ಬರ್ಕೋ.” ನಾನು ಬರೆದುಕೊಳ್ಳುತ್ತೇನೆ.